ಸೋರಿದ್ದು ಎಲ್ಲಿ?

ಅತ್ತೆಯ ಫೋನಿಗೆ ಬಂದ ರಿಪೋರ್ಟಿನಲ್ಲಿ ಒಂದು ಸಾಲು ಮಾತ್ರ ದಪ್ಪಕ್ಷರದಲ್ಲಿತ್ತು. ಪೊಟ್ಯಾಸಿಯಂ 6.4. ಪಕ್ಕದಲ್ಲಿ ಮೇಲ್ಮುಖವಾದ ಬಾಣ. ಇರಬೇಕಾದ ಮಟ್ಟ 3.5ರಿಂದ 5.1 ಎಂದು ಅದರ ಎದುರಿಗೇ ಬರೆದಿತ್ತು.

ಅತ್ತೆ ಅರಸೀಕೆರೆ ಹತ್ತಿರದ ಊರಿನವರು. ವಯಸ್ಸು 67. ಬಿ.ಪಿ.ಗೆ ದಿನಕ್ಕೊಂದು ಮಾತ್ರೆ, ಅದು ಬಿಟ್ಟರೆ ಗಟ್ಟಿ ಜೀವ. ವರ್ಷಕ್ಕೊಮ್ಮೆ ಮಾಡಿಸುವ ಪರೀಕ್ಷೆಯಲ್ಲಿ ಹೀಗೆ ಬಂದಾಗ ಅವರು ಯಾರಿಗೂ ಹೇಳಲಿಲ್ಲ. ಪಕ್ಕದ ಮನೆಯ ಹುಡುಗನ ಕೈಯಲ್ಲಿ ಫೋನಿನಲ್ಲಿ ಹುಡುಕಿಸಿದರು. ‘ಹೃದಯ ನಿಂತುಹೋಗಬಹುದು’ ಎಂದು ಅವನು ಓದಿ ಹೇಳಿದ. ಅವತ್ತೇ ಬಾಳೆಹಣ್ಣು ಬಿಟ್ಟರು. ಮಾರನೇ ದಿನ ಎಳನೀರು, ಆಮೇಲೆ ಸೊಪ್ಪು, ಟೊಮೆಟೊ. ಬಿ.ಪಿ. ಮಾತ್ರೆಯಿಂದಲೂ ಪೊಟ್ಯಾಸಿಯಂ ಏರುತ್ತದೆ ಎಂದು ಇನ್ನೆಲ್ಲೋ ಸಿಕ್ಕಿತು, ಅದನ್ನೂ ಬಿಟ್ಟರು. ಹನ್ನೊಂದನೇ ದಿನ ತಲೆ ಸಿಡಿಯತೊಡಗಿತು. ಆಶಾ ಕಾರ್ಯಕರ್ತೆ ಬಂದು ನೋಡಿದರೆ ಬಿ.ಪಿ. 190/104. ಆಗ ನನಗೆ ಫೋನು ಬಂತು.

ನಾನು ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ಆಸ್ಪತ್ರೆಯ ಬಯೋಕೆಮಿಸ್ಟ್ರಿ ಲ್ಯಾಬಿನಲ್ಲಿ ಕೆಲಸ ಮಾಡಿದವಳು. ಕಾಲಿನಲ್ಲಿ ಶಕ್ತಿ ಇದೆಯಾ, ಎದೆ ಡವಡವ ಅನ್ನುತ್ತಿದೆಯಾ, ಮೂತ್ರ ಸರಿಯಾಗಿ ಹೋಗುತ್ತಿದೆಯಾ ಎಂದು ಕೇಳಿ, ಈಗಲೇ ಹೊರಟು ಬನ್ನಿ ಎಂದೆ. ಮಗ ಕಾರು ತೆಗೆಯುವಷ್ಟರಲ್ಲಿ ಇನ್ನಷ್ಟು ಕೇಳಿದೆ. ರಕ್ತ ಎಷ್ಟು ಹೊತ್ತಿಗೆ ತೆಗೆದರು? ನರ ಬೇಗ ಸಿಕ್ಕಿತಾ? ಮುಷ್ಟಿ ಬಿಗಿ ಹಿಡಿ ಅಂದರಾ? ರಕ್ತ ಎಲ್ಲಿಗೆ ಹೋಯಿತು, ಯಾವಾಗ ಹೋಯಿತು?

ಉತ್ತರ ಒಂದೊಂದಾಗಿ ಬಂತು. ತೆಗೆದದ್ದು ಸಂಜೆ ಆರಕ್ಕೆ. ನರ ಸಿಗಲಿಲ್ಲ, ರಬ್ಬರ್ ಪಟ್ಟಿ ಬಿಗಿದು, ಕೈ ಮುಚ್ಚಿ ತೆಗೆದು ಮಾಡಿಸಿ, ಎರಡನೇ ಸಲ ಚುಚ್ಚಿದಾಗ ಬಂತು. ‘ಇವತ್ತಿನ ಗಾಡಿ ಹೋಯಿತು, ಬೆಳಿಗ್ಗೆ ಕಳಿಸ್ತೀವಿ, ಕೆಡದ ಹಾಗೆ ಫ್ರಿಜ್‌ನಲ್ಲಿ ಇಟ್ಟಿರ್ತೀವಿ’ ಅಂದರಂತೆ ಆ ಸಂಗ್ರಹ ಕೇಂದ್ರದವರು.

ಫ್ರಿಜ್ ಎಂಬ ಮಾತು ಕೇಳಿದ ಕೂಡಲೇ ನನಗೆ ಅರ್ಧ ಉತ್ತರ ಸಿಕ್ಕಿತ್ತು. ಇನ್ನರ್ಧಕ್ಕೆ ಅತ್ತೆಯೇ ಬರಬೇಕಿತ್ತು.

ಈ ಪೊಟ್ಯಾಸಿಯಂ ನಮ್ಮ ಕಡೆಯ ರೈತರಿಗೆ ಹಳೆಯ ಪರಿಚಯ. ತೆಂಗಿಗೆ, ಅಡಿಕೆಗೆ ಹಾಕುವ ಪೊಟ್ಯಾಶ್ ಅದೇ. ಗೊಬ್ಬರದ ಚೀಲದ ಮೇಲಿನ 17:17:17ರಲ್ಲಿ ಕೊನೆಯ ಹದಿನೇಳು ಅದರ ಪಾಲು. ಒಲೆಯ ಬೂದಿಯನ್ನು ಬಾಳೆಯ ಬುಡಕ್ಕೆ ಸುರಿಯುತ್ತಿದ್ದ ಅಜ್ಜಿಯರು ಕೊಡುತ್ತಿದ್ದದ್ದೂ ಅದನ್ನೇ. ಗಿಡ ತನ್ನ ಜೀವಕೋಶಗಳಲ್ಲಿ ಕೂಡಿಟ್ಟುಕೊಂಡ ಪೊಟ್ಯಾಸಿಯಂ, ಗಿಡ ಸುಟ್ಟ ಮೇಲೂ ಬೂದಿಯಲ್ಲಿ ಉಳಿಯುತ್ತದೆ. ಸಸ್ಯದ ಬೂದಿಗೆ ಅರಬ್ಬಿಯಲ್ಲಿದ್ದ ಹೆಸರಿನಿಂದಲೇ ಕೇಲಿಯಂ ಎಂಬ ಪದ ಹುಟ್ಟಿ, ಈ ಧಾತುವಿನ ಸಂಕೇತ ‘ಕೆ’ ಆಯಿತು. 1807ರಲ್ಲಿ ಲಂಡನ್ನಿನಲ್ಲಿ ಹಂಫ್ರಿ ಡೇವಿ ಕ್ಷಾರಕ್ಕೆ ವಿದ್ಯುತ್ ಹಾಯಿಸಿ ಇದನ್ನು ಮೊದಲ ಬಾರಿಗೆ ಬಿಡಿಯಾಗಿ ಹೊರತೆಗೆದಾಗ, ಬೆಳ್ಳಿಯಂಥ ಪುಟ್ಟ ಗುಂಡುಗಳು ಕಾಣಿಸಿಕೊಂಡು ಅಲ್ಲೇ ಹೊತ್ತಿಕೊಂಡವು. ಆ ಉರಿಯ ಬಣ್ಣ ತಿಳಿ ನೇರಳೆ. ನಾನು ಕಲಿಯುವಾಗ ನಮ್ಮ ಲ್ಯಾಬಿನಲ್ಲಿ ಒಂದು ಫ್ಲೇಮ್ ಫೋಟೋಮೀಟರ್ ಇತ್ತು. ರಕ್ತದ ತಿಳಿಯನ್ನು ಬೆಂಕಿಗೆ ಚಿಮುಕಿಸಿ, ಎಷ್ಟು ಹಳದಿ ಎಂಬುದರಿಂದ ಸೋಡಿಯಂ, ಎಷ್ಟು ನೇರಳೆ ಎಂಬುದರಿಂದ ಪೊಟ್ಯಾಸಿಯಂ ಅಳೆಯುವ ಯಂತ್ರ. ಈಗ ಆ ಜಾಗದಲ್ಲಿ ಎಲೆಕ್ಟ್ರೋಡು ಬಂದಿದೆ. ಅದರ ತುದಿಯ ತೆಳು ಪೊರೆಯಲ್ಲಿ ವ್ಯಾಲಿನೋಮೈಸಿನ್ ಎಂಬ ಬಳೆಯಾಕಾರದ ಅಣುಗಳಿವೆ. ಪೊಟ್ಯಾಸಿಯಂ ಅಯಾನು ಆ ಬಳೆಯೊಳಗೆ ಅಳತೆ ಮಾಡಿ ಮಾಡಿಸಿದಂತೆ ಕೂರುತ್ತದೆ, ಸೋಡಿಯಂ ಕೂರುವುದಿಲ್ಲ. ಮಣ್ಣಿನ ಸೂಕ್ಷ್ಮಜೀವಿಯೊಂದು ತಯಾರಿಸುವ ವಸ್ತು ಅದು. ಯಂತ್ರ ಹೇಳುವ ಸಂಖ್ಯೆಯನ್ನು ನಾನು ನಂಬುತ್ತೇನೆ. ಅತ್ತೆಯ ಕೊಳವೆಯಲ್ಲಿ ಇದ್ದದ್ದು 6.4 ಎಂಬುದರಲ್ಲಿ ನನಗೆ ಅನುಮಾನವೇ ಇರಲಿಲ್ಲ. ಆದರೆ ಯಂತ್ರ ಅಳೆದದ್ದು ಕೊಳವೆಯನ್ನು.

ದೇಹದೊಳಗೆ ಪೊಟ್ಯಾಸಿಯಂ ಹಂಚಿಕೆಯಾಗಿರುವ ರೀತಿ ಗೊತ್ತಾದರೆ ಇದು ತಾನಾಗಿ ಅರ್ಥವಾಗುತ್ತದೆ. ನೂರು ಪಾಲಿನಲ್ಲಿ ತೊಂಬತ್ತೆಂಟು ಪಾಲು ಜೀವಕೋಶಗಳ ಒಳಗಿದೆ. ಹೊರಗೆ, ರಕ್ತದ ತಿಳಿಯಲ್ಲೂ ಜೀವಕೋಶಗಳ ಸುತ್ತಲಿನ ನೀರಿನಲ್ಲೂ ಇರುವುದು ಎರಡೇ ಪಾಲು. ಕೋಶದೊಳಗೆ ಲೀಟರಿಗೆ ಸುಮಾರು 140 ಮಿಲಿಮೋಲ್, ಹೊರಗೆ ನಾಲ್ಕು ಚಿಲ್ಲರೆ. ಹೀಗೆ ಏರುಪೇರಾಗಿ ಇಟ್ಟುಕೊಳ್ಳುವುದಕ್ಕೇ ದೇಹ ತನ್ನ ದಿನದ ಶಕ್ತಿಯಲ್ಲಿ ದೊಡ್ಡ ಪಾಲನ್ನು ಸುರಿಯುತ್ತದೆ. ಪ್ರತಿ ಕೋಶದ ಪೊರೆಯಲ್ಲೂ ಒಂದು ಪಂಪು ಇದೆ: ಒಂದು ಸುತ್ತಿಗೆ ಮೂರು ಸೋಡಿಯಂ ಹೊರಕ್ಕೆ, ಎರಡು ಪೊಟ್ಯಾಸಿಯಂ ಒಳಕ್ಕೆ. ಡೆನ್ಮಾರ್ಕಿನ ಆರ್ಹುಸ್‌ನಲ್ಲಿ ಯೆನ್ಸ್ ಸ್ಕೌ ಎಂಬ ವೈದ್ಯ ಏಡಿಯ ಕಾಲಿನ ನರಗಳನ್ನು ಅರೆದು ಈ ಪಂಪನ್ನು ಕಂಡುಹಿಡಿದು 1957ರಲ್ಲಿ ಪ್ರಕಟಿಸಿದ. ನಲವತ್ತು ವರ್ಷದ ನಂತರ, 1997ರಲ್ಲಿ, ಅದಕ್ಕೆ ನೊಬೆಲ್ ಬಂತು. ಬೇಲಿಯ ಕಣಗಿಲೆ ವಿಷವಾಗುವುದೂ ಈ ಪಂಪಿಗೆ ಅಡ್ಡ ಬಂದೇ.

ಪೊರೆ ಪೂರ್ತಿ ಬಿಗಿಯಲ್ಲ. ಒಳಗಿನ ಪೊಟ್ಯಾಸಿಯಂ ಸದಾ ಹೊರಕ್ಕೆ ಜಿನುಗುತ್ತಲೇ ಇರುತ್ತದೆ, ಪಂಪು ಸದಾ ಎತ್ತಿ ಒಳಕ್ಕೆ ಹಾಕುತ್ತಲೇ ಇರುತ್ತದೆ. ಒಸರುವ ಬಾವಿ ತೋಡುವಾಗ ಪಂಪ್‌ಸೆಟ್ ಹಾಕಿ ನೀರು ಎತ್ತುತ್ತಾರಲ್ಲ, ಹಾಗೆ. ಕರೆಂಟು ಹೋಯಿತೋ, ಒಸರು ನಿಲ್ಲುವುದಿಲ್ಲ, ನೀರು ಏರುತ್ತದೆ.

ರಕ್ತ ನರದಿಂದ ಕೊಳವೆಗೆ ಬಂದ ಮೇಲೂ ಕೆಂಪು ಕಣಗಳು ಬದುಕಿಯೇ ಇರುತ್ತವೆ. ಅವುಗಳ ಪಂಪು ಓಡುತ್ತಿರುತ್ತದೆ, ಅಲ್ಲೇ ಇರುವ ಸಕ್ಕರೆಯನ್ನು ಉರಿಸಿಕೊಂಡು. ಕೊಳವೆಯನ್ನು ಫ್ರಿಜ್‌ನಲ್ಲಿಟ್ಟರೆ 4 ಡಿಗ್ರಿಯ ಚಳಿಗೆ ಪಂಪು ಹೆಚ್ಚುಕಡಿಮೆ ನಿಂತೇಹೋಗುತ್ತದೆ. ಜಿನುಗುವುದು ನಿಲ್ಲುವುದಿಲ್ಲ. ಗಂಟೆ ಕಳೆದಂತೆ ಕಣಗಳೊಳಗಿನ ಪೊಟ್ಯಾಸಿಯಂ ತಿಳಿಗೆ ಇಳಿಯುತ್ತಾ ಹೋಗುತ್ತದೆ. ಹಾಲು ಕೆಡದಿರಲಿ ಎಂದು ತಣ್ಣಗಿಡುವ ನಮಗೆ ರಕ್ತವನ್ನೂ ತಣ್ಣಗಿಡಬೇಕು ಅನ್ನಿಸುವುದು ಸಹಜ. ಆ ಕೇಂದ್ರದವರ ಕಾಳಜಿ ನಿಜವಾದದ್ದೇ. ಪೊಟ್ಯಾಸಿಯಂ ವಿಷಯದಲ್ಲಿ ಮಾತ್ರ ಕಾಳಜಿ ತಿರುಗುಬಾಣವಾಗುತ್ತದೆ. ಮಾಡಬೇಕಾದದ್ದು ಬೇರೆ: ರಕ್ತ ಅರ್ಧ ಗಂಟೆಯಲ್ಲಿ ಹೆಪ್ಪುಗಟ್ಟಿದ ಮೇಲೆ, ಒಂದೆರಡು ಗಂಟೆಯೊಳಗೆ ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿ, ಕಣಗಳನ್ನು ಕೆಳಕ್ಕೆ ಕೂರಿಸಿ, ಮೇಲಿನ ಹೊಂಬಣ್ಣದ ತಿಳಿಯನ್ನು ಬೇರ್ಪಡಿಸುವುದು. ಬೇರ್ಪಡಿಸಿದ ತಿಳಿಯನ್ನು ಆಮೇಲೆ ಫ್ರಿಜ್‌ನಲ್ಲಿಡಲಿ, ರೈಲಿನಲ್ಲಿ ಕಳಿಸಲಿ, ಸಂಖ್ಯೆ ಕದಲುವುದಿಲ್ಲ. ಬೇರ್ಪಡಿಸದೆ ಕಾಯಿಸಿದ ಕೊಳವೆ ಮಾತ್ರ ಸುಳ್ಳು ಹೇಳುತ್ತದೆ. ಚಳಿ ದೇಶಗಳಲ್ಲಿ ಹಳ್ಳಿ ಕ್ಲಿನಿಕ್ಕುಗಳಿಂದ ಬರುವ ಮಾದರಿಗಳಲ್ಲಿ ಚಳಿಗಾಲದಲ್ಲಿ ಪೊಟ್ಯಾಸಿಯಂ ಏರಿ, ಬೇಸಿಗೆಯಲ್ಲಿ ಇಳಿಯುವುದನ್ನು ಲ್ಯಾಬುಗಳು ಗುರುತಿಸಿವೆ. ರೋಗಿಗಳು ಬದಲಾದದ್ದಲ್ಲ, ದಾರಿಯ ಹವೆ ಬದಲಾದದ್ದು.

ಈ ಸೋರಿಕೆಯ ಕೆಟ್ಟ ಗುಣ ಎಂದರೆ ಅದು ಕಣ್ಣಿಗೆ ಕಾಣುವುದಿಲ್ಲ. ಕಣ ಒಡೆದರೆ ಕಾಣುತ್ತದೆ. ಸಿರಿಂಜಿನಲ್ಲಿ ಜೋರಾಗಿ ಎಳೆದಾಗ, ಎಳೆದದ್ದನ್ನು ಸೂಜಿಯ ಮೂಲಕವೇ ಒತ್ತಿ ಕೊಳವೆಗೆ ತುಂಬಿದಾಗ, ಕೊಳವೆಯನ್ನು ಗಡಗಡ ಅಲ್ಲಾಡಿಸಿದಾಗ ಕೆಂಪು ಕಣಗಳು ಒಡೆಯುತ್ತವೆ. ಒಳಗಿನ ಕೆಂಪು ಹೊರಗೆ ಬಂದು ತಿಳಿ ಗುಲಾಬಿಯಾಗುತ್ತದೆ, ಜಾಸ್ತಿಯಾದರೆ ದಾಳಿಂಬೆ ರಸದಂತಾಗುತ್ತದೆ. ‘ಸ್ಯಾಂಪಲ್ ಹೀಮೋಲೈಸ್ ಆಗಿದೆ, ರಿಪೀಟ್ ಕಳಿಸಿ’ ಎಂದು ಲ್ಯಾಬಿನಿಂದ ವಾರ್ಡಿಗೆ ದಿನಕ್ಕೆ ಹತ್ತು ಸಲ ಹೋಗುವ ಫೋನು ಇದೇ. ಲೆಕ್ಕ ಹಾಕಿ ನೋಡಿ. ಕೆಂಪು ಕಣದೊಳಗೆ ಪೊಟ್ಯಾಸಿಯಂ ಲೀಟರಿಗೆ ಸುಮಾರು 100 ಮಿಲಿಮೋಲ್. ರಕ್ತದಲ್ಲಿ ನೂರಕ್ಕೆ 45 ಪಾಲು ಕಣಗಳೇ. ನೂರು ಕಣಗಳಲ್ಲಿ ಒಂದೇ ಒಂದು ಒಡೆದರೂ ತಿಳಿಯ ಪೊಟ್ಯಾಸಿಯಂ ಸುಮಾರು 0.8 ಏರುತ್ತದೆ. 4.5 ಇದ್ದದ್ದು 5.3 ಆಗುತ್ತದೆ, ನೆಟ್ಟಗಿದ್ದ ಮನುಷ್ಯ ಕಾಗದದ ಮೇಲೆ ರೋಗಿಯಾಗುತ್ತಾನೆ.

ಇನ್ನು ಮುಷ್ಟಿ. ಸ್ನಾಯು ಬಿಗಿದಾಗಲೆಲ್ಲ ತನ್ನೊಳಗಿನ ಪೊಟ್ಯಾಸಿಯಂ ಸ್ವಲ್ಪ ಹೊರಕ್ಕೆ ಬಿಡುತ್ತದೆ. ಅದು ಅದರ ಕೆಲಸದ ಭಾಗ. ರಬ್ಬರ್ ಪಟ್ಟಿ ಬಿಗಿದ ಕೈಯಲ್ಲಿ ಅದು ಹರಿದು ಹೋಗಲು ದಾರಿಯಿಲ್ಲದೆ ಅಲ್ಲೇ ನಿಲ್ಲುತ್ತದೆ, ಸೂಜಿ ಹೀರುವುದು ಅದನ್ನೇ. ಪ್ರತಿ ಸಲ ರಕ್ತ ಕೊಡುವಾಗಲೂ ಪೊಟ್ಯಾಸಿಯಂ ಏರಿ ಬರುತ್ತಿದ್ದ ಒಬ್ಬ ರೋಗಿಯ ಕಾರಣ ಬರೀ ಮುಷ್ಟಿ ಬಿಗಿಯುವುದು ಎಂದು ತೋರಿಸಿದ ವರದಿ 1990ರಲ್ಲೇ ಅಮೆರಿಕದ ಪ್ರಮುಖ ವೈದ್ಯಕೀಯ ಪತ್ರಿಕೆಯಲ್ಲಿ ಬಂದಿದೆ. ಮೂವತ್ತು ವರ್ಷ ಮೀರಿತು. ಇವತ್ತಿಗೂ ನಮ್ಮಲ್ಲಿ ರಕ್ತ ತೆಗೆಯುವವರ ಬಾಯಿಂದ ಮೊದಲು ಬರುವ ಮಾತು ‘ಮುಷ್ಟಿ ಬಿಗಿ ಹಿಡೀರಿ, ತೆಗೀರಿ, ಮತ್ತೆ ಹಿಡೀರಿ’. ಇದನ್ನು ಕೇಳಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಕೈ ಇಳಿಬಿಟ್ಟು ಕೂತರೆ, ಬೆಚ್ಚಗಿನ ಬಟ್ಟೆ ಸುತ್ತಿದರೆ ನರ ತಾನೇ ಮೇಲೆ ಬರುತ್ತದೆ. ಎರಡು ನಿಮಿಷ ತಾಳ್ಮೆ ಬೇಕು, ಅಷ್ಟೇ.

ನೇರಳೆ ಮುಚ್ಚಳದ ಕೊಳವೆಯ ಕಥೆ ಇನ್ನೂ ವಿಚಿತ್ರ. ರಕ್ತಕಣ ಎಣಿಸುವ ಪರೀಕ್ಷೆಗೆ ಬಳಸುವ ಆ ಕೊಳವೆಯ ತಳದಲ್ಲಿ, ರಕ್ತ ಹೆಪ್ಪುಗಟ್ಟದಿರಲಿ ಎಂದು ಇಡಿಟಿಎ ಸವರಿರುತ್ತದೆ. ಅದು ಇರುವುದು ಪೊಟ್ಯಾಸಿಯಂ ಲವಣವಾಗಿ. ಬಯೋಕೆಮಿಸ್ಟ್ರಿಯ ಕೊಳವೆಯಲ್ಲಿ ರಕ್ತ ಕಮ್ಮಿಯಾಯಿತು ಎಂದು ಯಾರೋ ನೇರಳೆ ಕೊಳವೆಯಿಂದ ನಾಲ್ಕು ಹನಿ ಬಗ್ಗಿಸಿದರೆ ಪೊಟ್ಯಾಸಿಯಂ ಹತ್ತನ್ನೂ ದಾಟಬಹುದು. ಆದರೆ ಈ ಕಳ್ಳ ಹೆಜ್ಜೆಗುರುತು ಬಿಟ್ಟೇ ಹೋಗುತ್ತಾನೆ. ಇಡಿಟಿಎ ಕ್ಯಾಲ್ಸಿಯಂ ಅನ್ನು ಹಿಡಿದುಕೊಳ್ಳುತ್ತದೆ. ಹಾಗಾಗಿ ಪೊಟ್ಯಾಸಿಯಂ ಮುಗಿಲಿಗೇರಿದ ರಿಪೋರ್ಟಿನಲ್ಲೇ ಕ್ಯಾಲ್ಸಿಯಂ ಪಾತಾಳಕ್ಕೆ ಇಳಿದಿರುತ್ತದೆ. ಅಂಥ ಎರಡು ಸಂಖ್ಯೆ ಒಟ್ಟಿಗೆ ಇಟ್ಟುಕೊಂಡು ಯಾರೂ ನಡೆದುಕೊಂಡು ಬಂದು ರಕ್ತ ಕೊಟ್ಟಿರಲಾರರು.

ಕೆಲವರ ರಕ್ತವೇ ಹಾಗಿರುತ್ತದೆ. ಪ್ಲೇಟ್‌ಲೆಟ್ ಮಿತಿಮೀರಿ ಹೆಚ್ಚಿದ್ದರೆ, ರಕ್ತ ಹೆಪ್ಪುಗಟ್ಟುವಾಗ ಅವು ಒಡೆದು ಪೊಟ್ಯಾಸಿಯಂ ಬಿಡುತ್ತವೆ. ಹೆಪ್ಪುಗಟ್ಟಿಸದ ರಕ್ತದಲ್ಲಿ ಅಳೆದರೆ ಸರಿಯಾಗಿ ಬರುತ್ತದೆ. ಎಡಿನ್‌ಬರೊದ ವೈದ್ಯರು 1979ರಲ್ಲಿ ಒಂದು ಕುಟುಂಬವನ್ನು ವಿವರಿಸಿದರು. ಆ ಮನೆಯವರ ಕೆಂಪು ಕಣಗಳು ಮೈಯೊಳಗಿನ ಬಿಸಿಯಲ್ಲಿ ಸರಿಯಾಗೇ ಇದ್ದು, ಕೊಳವೆಯಲ್ಲಿ ತಣ್ಣಗಾದ ಕೂಡಲೇ ಸೋರುತ್ತಿದ್ದವು, ವಂಶಪಾರಂಪರ್ಯವಾಗಿ. ಅವರಿಗೆ ರೋಗವಿಲ್ಲ. ರಿಪೋರ್ಟಿಗೆ ಮಾತ್ರ ರೋಗ.

ಇಷ್ಟು ಓದಿ ‘ಹಾಗಾದರೆ ಪೊಟ್ಯಾಸಿಯಂ ಜಾಸ್ತಿ ಬಂದರೆ ಲ್ಯಾಬಿನ ತಪ್ಪು’ ಎಂದು ಯಾರಾದರೂ ಸುಮ್ಮನಾದರೆ ನಾನು ಈ ಅಧ್ಯಾಯ ಬರೆಯದಿದ್ದರೇ ಚೆನ್ನಾಗಿತ್ತು. ಯಾಕೆಂದರೆ ನಾನೇ ಒಮ್ಮೆ ಹಾಗೆ ಅಂದುಕೊಂಡಿದ್ದೇನೆ.

ಕೆಲಸಕ್ಕೆ ಸೇರಿದ ಹೊಸತು, ಏಪ್ರಿಲ್ ತಿಂಗಳು. ವಾರ್ಡಿನಿಂದ ಬಂದ ಒಂದು ಮಾದರಿ 7.8 ತೋರಿಸಿತು. ‘ಇರಲಾರದು, ಎಳೆಯುವಾಗ ಏನೋ ಆಗಿದೆ’ ಎಂದು ಮತ್ತೊಂದು ಮಾದರಿ ಕಳಿಸಲು ಹೇಳಿ ನಾನು ಮುಂದಿನ ಕೆಲಸಕ್ಕೆ ತಿರುಗಿದೆ. ಆ ಕೊಳವೆ ರ‍್ಯಾಕಿನಲ್ಲೇ ಇತ್ತು. ನಮ್ಮ ಹಿರಿಯ ಟೆಕ್ನೀಷಿಯನ್ ಅದನ್ನೆತ್ತಿ ಕಿಟಕಿಯ ಬೆಳಕಿಗೆ ಹಿಡಿದರು. ತಿಳಿ ಜೇನಿನ ಬಣ್ಣಕ್ಕಿತ್ತು. ಕೆಂಪಿನ ಸುಳಿವೂ ಇರಲಿಲ್ಲ. ‘ಮೇಡಂ, ಕ್ರಿಯಾಟಿನಿನ್ ನೋಡಿ’ ಅಂದರು. 4.6 ಇತ್ತು. ಮೂತ್ರಪಿಂಡ ಸೋತಿದೆ ಎಂದು ಕೂಗಿ ಹೇಳುವ ಸಂಖ್ಯೆ. ನಾನು ಓಡಿದೆ.

ರೋಗಿ ಅರವತ್ತು ದಾಟಿದ ರೈತ. ಹೃದಯ ದುರ್ಬಲವಾಗಿದೆ ಎಂದು ರಾಮಿಪ್ರಿಲ್, ಸ್ಪೈರನೋಲ್ಯಾಕ್ಟೋನ್ ತೆಗೆದುಕೊಳ್ಳುತ್ತಿದ್ದವರು. ಎರಡೂ ಒಳ್ಳೆಯ ಔಷಧಗಳು, ಪ್ರಾಣ ಉಳಿಸುವಂಥವು; ಎರಡೂ ಮೂತ್ರಪಿಂಡ ಪೊಟ್ಯಾಸಿಯಂ ಹೊರಹಾಕುವುದನ್ನು ತಗ್ಗಿಸುತ್ತವೆ. ಮಂಡಿನೋವಿಗೆ ಅಂಗಡಿಯಿಂದ ನೋವಿನ ಮಾತ್ರೆ ತಂದು ಹದಿನೈದು ದಿನ ನುಂಗಿದ್ದರು. ಅದು ಮೂತ್ರಪಿಂಡಕ್ಕೆ ಹರಿಯುವ ರಕ್ತವನ್ನು ಕಡಿಮೆ ಮಾಡುತ್ತದೆ. ಅದರ ಮೇಲೆ ಮೂರು ದಿನ ಭೇದಿ. ನಿಶ್ಶಕ್ತಿಗೆ ಮನೆಯವರು ಕೊಟ್ಟದ್ದು ಎಳನೀರು, ದಿನಕ್ಕೆ ನಾಲ್ಕೈದು. ಯಾವುದೂ ತಪ್ಪಲ್ಲ ಎಂದು ಕಾಣುವ ನಾಲ್ಕು ಸಂಗತಿಗಳು ಒಂದೇ ವಾರದಲ್ಲಿ ಕೂಡಿದವು. ಬೆಳಿಗ್ಗೆ ಏಳುವಾಗ ಕಾಲು ಎತ್ತಲಾಗಲಿಲ್ಲವಂತೆ.

ನಾನು ಹೋದಾಗ ಮಾನಿಟರಿನ ಮೇಲೆ ಅವರ ಹೃದಯದ ಗೆರೆ ಓಡುತ್ತಿತ್ತು. ಸಾಮಾನ್ಯವಾಗಿ ಆ ಗೆರೆಯಲ್ಲಿ ಒಂದು ಪುಟ್ಟ ಉಬ್ಬು, ಆಮೇಲೆ ಸೂಜಿಯಂಥ ಚೂಪು, ಆಮೇಲೆ ಒಂದು ಮೆತ್ತನೆಯ ದಿಬ್ಬ. ಇವರದರಲ್ಲಿ ಮೊದಲ ಉಬ್ಬು ಮಾಯವಾಗಿತ್ತು. ಸೂಜಿ ಅಗಲವಾಗಿ ಹಲಗೆಯಂತಾಗಿತ್ತು. ದಿಬ್ಬ ಗುಡಾರದಂತೆ ನೆಟ್ಟಗೆ ನಿಂತಿತ್ತು. ಇನ್ನೂ ಮುಂದೆ ಹೋದರೆ ಎಲ್ಲ ಸೇರಿ ಬರೀ ಅಲೆಯಾಗುತ್ತದೆ, ಆಮೇಲೆ ನಿಲ್ಲುತ್ತದೆ. ವಾರ್ಡಿನ ವೈದ್ಯೆ ಲ್ಯಾಬಿನ ಎರಡನೇ ಉತ್ತರಕ್ಕೆ ಕಾದಿರಲಿಲ್ಲ. ಇಸಿಜಿ ನೋಡಿದವರೇ ಕ್ಯಾಲ್ಸಿಯಂ ಗ್ಲುಕೋನೇಟ್ ಅನ್ನು ನರಕ್ಕೆ ನಿಧಾನವಾಗಿ ಕೊಡುತ್ತಿದ್ದರು. ನಾನು ಮಂಚದ ಕಾಲುಗಂಬಿ ಹಿಡಿದು ನಿಂತು ನೋಡಿದೆ. ಮೂರ‍್ನಾಲ್ಕು ನಿಮಿಷದಲ್ಲಿ ಹಲಗೆ ಸಣ್ಣಗಾಯಿತು, ಮತ್ತೆ ಸೂಜಿಯಾಯಿತು. ಆ ಕ್ಷಣದಲ್ಲಿ ರಕ್ತ ಅಳೆದಿದ್ದರೆ ಪೊಟ್ಯಾಸಿಯಂ ಅದೇ 7.8 ಇರುತ್ತಿತ್ತು. ಕ್ಯಾಲ್ಸಿಯಂ ಅದನ್ನು ಇಳಿಸುವುದಿಲ್ಲ. ಹೃದಯದ ಪೊರೆಗೆ ಅರ್ಧ, ಮುಕ್ಕಾಲು ಗಂಟೆಯ ರಕ್ಷಣೆ ಕೊಡುತ್ತದೆ. ಆ ಹೊತ್ತಿನಲ್ಲಿ ಇನ್ಸುಲಿನ್ ಮತ್ತು ಗ್ಲುಕೋಸ್ ಕೊಟ್ಟು, ಸಾಲ್ಬುಟಮಾಲ್ ಹಬೆ ಕೊಟ್ಟು, ಪೊಟ್ಯಾಸಿಯಂ ಅನ್ನು ಕೋಶಗಳೊಳಕ್ಕೆ ತಳ್ಳಬೇಕು. ಅಷ್ಟರಲ್ಲಿ ಡಯಾಲಿಸಿಸ್ ಸಿದ್ಧವಾಗಬೇಕು. ಅವರಿಗೆ ಎಲ್ಲವೂ ಸಮಯಕ್ಕೆ ಒದಗಿತು. ನಾನು ಕಳೆದ ಹದಿನೈದು ನಿಮಿಷವನ್ನು ಮಾತ್ರ ನಾನು ಮರೆತಿಲ್ಲ.

ಹೊರಗಿನ ಎರಡು ಪಾಲು ಪೊಟ್ಯಾಸಿಯಂ ಏರಿದರೆ ಹೃದಯ ಯಾಕೆ ಹೀಗೆ ತತ್ತರಿಸುತ್ತದೆ? ಕೋಶದ ಒಳಗೆ 140, ಹೊರಗೆ 4 ಎಂಬ ಅಂತರವೇ ಹೃದಯದ ಪ್ರತಿ ಕೋಶದ ಬ್ಯಾಟರಿ. ಹೊರಗಿನ 4 ಎಂಟಾದರೆ ಒಳಗಿನದಕ್ಕೂ ಹೊರಗಿನದಕ್ಕೂ ಇರುವ ಅನುಪಾತ ಅರ್ಧಕ್ಕೆ ಕುಸಿಯುತ್ತದೆ, ಒಳಗೆ ಒಂದಿಷ್ಟೂ ಕಮ್ಮಿಯಾಗದೆ. ಬ್ಯಾಟರಿ ಇಳಿದ ಕೋಶ ಪ್ರತಿ ಬಡಿತದ ನಂತರ ಪೂರ್ತಿ ಚಾರ್ಜ್ ಆಗುವುದಿಲ್ಲ, ಸಂಕೇತ ಒಂದು ಕೋಶದಿಂದ ಇನ್ನೊಂದಕ್ಕೆ ತಡವಾಗಿ ದಾಟುತ್ತದೆ. ಗೆರೆಯಲ್ಲಿ ಸೂಜಿ ಹಲಗೆಯಾಗುವುದು ಆ ತಡ. ಕಾಲಿನ ಸ್ನಾಯು ಏಳದಿರುವುದೂ ಇದೇ ಕಾರಣಕ್ಕೆ.

ಹಾಗಿದ್ದೂ ಆರೋಗ್ಯವಂತರು ಎಳನೀರು ಕುಡಿದು ಆರಾಮಾಗಿರುವುದು ಹೇಗೆ ಎಂಬುದು ನನಗೆ ಇಂದಿಗೂ ಬೆರಗು. ಎಳನೀರಿನಲ್ಲಿ 100 ಮಿಲಿಲೀಟರಿಗೆ ಸುಮಾರು 250 ಮಿಲಿಗ್ರಾಂ ಪೊಟ್ಯಾಸಿಯಂ. ಮುನ್ನೂರು ಮಿಲಿಯ ಒಂದು ಕಾಯಿಯಲ್ಲಿ 750 ಮಿಲಿಗ್ರಾಂ, ಅಂದರೆ 19 ಮಿಲಿಮೋಲ್. ನಮ್ಮ ಕೋಶಗಳ ಹೊರಗಿನ ನೀರು ಒಟ್ಟು ಹದಿನಾಲ್ಕು ಲೀಟರ್ ಅಂದುಕೊಂಡರೆ, ಅಷ್ಟೂ ಅಲ್ಲೇ ಉಳಿದಿದ್ದರೆ 4.2 ಇದ್ದದ್ದು 5.6 ಆಗಬೇಕು. ಮದ್ದೂರಿನ ಹೆದ್ದಾರಿಯಲ್ಲಿ ಎರಡು ಎಳನೀರು ಕುಡಿದವರೆಲ್ಲ ಆಸ್ಪತ್ರೆ ಸೇರಬೇಕು. ಸೇರುವುದಿಲ್ಲ. ಊಟದ ಜೊತೆ ಏರುವ ಇನ್ಸುಲಿನ್ ಸಕ್ಕರೆಯ ಹಾಗೆಯೇ ಪೊಟ್ಯಾಸಿಯಂ ಅನ್ನೂ ಕೋಶಗಳೊಳಕ್ಕೆ ಕರೆದೊಯ್ದು ಬಚ್ಚಿಡುತ್ತದೆ. ಆಮೇಲೆ ಕೆಲವು ಗಂಟೆಗಳಲ್ಲಿ ಮೂತ್ರಪಿಂಡ ಸಾವಕಾಶವಾಗಿ ಹೊರಹಾಕುತ್ತದೆ. ತಿಂದದ್ದರಲ್ಲಿ ನೂರಕ್ಕೆ ತೊಂಬತ್ತು ಪಾಲು ಹೊರಹೋಗುವುದು ಮೂತ್ರದಲ್ಲೇ. ಆ ದಾರಿ ತೆರೆದಿರುವವರೆಗೆ ಬಾಳೆಹಣ್ಣಿಗೆ, ಸೊಪ್ಪಿಗೆ ಹೆದರಬೇಕಿಲ್ಲ. ಹೆದರಿ ಬಿಟ್ಟರೆ ನಷ್ಟವೇ ಹೆಚ್ಚು. ಪೊಟ್ಯಾಸಿಯಂ ರಕ್ತದೊತ್ತಡ ಇಳಿಸುತ್ತದೆ. ದಿನಕ್ಕೆ ದೊಡ್ಡವರಿಗೆ 3.5 ಗ್ರಾಂ ಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಚೀನಾದ 600 ಹಳ್ಳಿಗಳ ಸುಮಾರು 21,000 ಜನರಲ್ಲಿ ನಡೆದು 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಅಡುಗೆ ಉಪ್ಪಿನ ಕಾಲು ಭಾಗವನ್ನು ಪೊಟ್ಯಾಸಿಯಂ ಕ್ಲೋರೈಡ್ ಮಾಡಿದಾಗ ಪಾರ್ಶ್ವವಾಯು ನೂರಕ್ಕೆ 14ರಷ್ಟು ಇಳಿಯಿತು. ಅದೇ ಉಪ್ಪು ನಮ್ಮ ಅಂಗಡಿಗಳಲ್ಲಿ ಲೋ ಸೋಡಿಯಂ ಉಪ್ಪು ಎಂದು ಸಿಗುತ್ತದೆ. ಮೂತ್ರಪಿಂಡ ಕುಗ್ಗಿದವರು, ರಾಮಿಪ್ರಿಲ್, ಟೆಲ್ಮಿಸಾರ್ಟಾನ್, ಸ್ಪೈರನೋಲ್ಯಾಕ್ಟೋನ್‌ನಂಥ ಮಾತ್ರೆ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಅದನ್ನು ಮನೆಗೆ ತರಬಾರದು.

ಮೂತ್ರಪಿಂಡ ಕುಗ್ಗಿದವರಿಗೆ ತರಕಾರಿ, ಸೊಪ್ಪನ್ನು ಹೆಚ್ಚಿ, ಹೆಚ್ಚು ನೀರಿನಲ್ಲಿ ಬೇಯಿಸಿ, ನೀರು ಬಸಿದು ಚೆಲ್ಲಿ ತಿನ್ನಿ ಎಂದು ಆಹಾರತಜ್ಞರು ಹೇಳುತ್ತಾರೆ. ಪೊಟ್ಯಾಸಿಯಂ ನೀರಿಗೆ ಇಳಿಯುತ್ತದೆ ಎಂಬ ಕಾರಣಕ್ಕೆ. ಹಳೇ ಮೈಸೂರಿನ ಮನೆಗಳಲ್ಲಿ ಇದು ಒಂದು ದೊಡ್ಡ ತೊಡಕು. ಬಸ್ಸಾರು ಮಾಡುವುದೇ ಆ ಬಸಿದ ನೀರಿನಿಂದ. ಸೊಪ್ಪು, ಕಾಳು ಬೇಯಿಸಿ, ಕಟ್ಟು ಬಸಿದು, ಅದಕ್ಕೇ ಖಾರ ಅರೆದು ಹಾಕಿ ಸಾರು, ಉಳಿದದ್ದು ಪಲ್ಯ. ಡಯಾಲಿಸಿಸ್‌ಗೆ ಬರುವ ಒಬ್ಬಾಕೆ ‘ಸೊಪ್ಪು ಬಸಿದೇ ತಿಂತೀನಿ ಮೇಡಂ’ ಎಂದು ನಿಜವನ್ನೇ ಹೇಳುತ್ತಿದ್ದರು. ಸಾರಿನ ವಿಷಯ ನಾವೂ ಕೇಳಿರಲಿಲ್ಲ, ಅವರೂ ಹೇಳಿರಲಿಲ್ಲ.

ಅತ್ತೆ ಬಂದು ತಲುಪಿದಾಗ ಮಧ್ಯಾಹ್ನ ಎರಡೂಕಾಲು. ಮೊದಲು ಇಸಿಜಿ. ಉಬ್ಬು, ಸೂಜಿ, ದಿಬ್ಬ, ಎಲ್ಲ ಅದರದರ ಜಾಗದಲ್ಲಿ. ಇಷ್ಟಕ್ಕೇ ನಾನು ನಿರಾಳವಾಗುವುದಿಲ್ಲ. ಪೊಟ್ಯಾಸಿಯಂ ನಿಜಕ್ಕೂ ಏರಿದ್ದಾಗಲೂ ಇಸಿಜಿ ಸರಿಯಾಗೇ ಕಾಣುವುದುಂಟು. ಆದರೆ ಗೆರೆ ಕೆಟ್ಟಿದ್ದರೆ ರಕ್ತದ ಉತ್ತರಕ್ಕೆ ಕಾಯುವ ಪ್ರಶ್ನೆಯೇ ಇರುತ್ತಿರಲಿಲ್ಲ. ಅದಕ್ಕೇ ಅದು ಮೊದಲು.

ಆಮೇಲೆ ರಕ್ತ. ಅತ್ತೆ ಕೂತ ಕೂಡಲೇ ಅಭ್ಯಾಸಬಲದಿಂದ ಮುಷ್ಟಿ ಬಿಗಿದರು. ನಾನು ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಅಂಗೈ ಮೇಲ್ಮುಖವಾಗಿ ದಿಂಬಿನ ಮೇಲಿಟ್ಟೆ. ಬಿಸಿನೀರಿನಲ್ಲಿ ಹಿಂಡಿದ ಬಟ್ಟೆಯನ್ನು ಮೊಣಕೈ ಮಡಿಕೆಗೆ ಸುತ್ತಿದೆವು. ಪಟ್ಟಿ ಬಿಗಿದು, ನರ ಮುಟ್ಟಿ ನೋಡಿ, ಸೂಜಿ ಒಳಗೆ ಹೋಗಿ ರಕ್ತ ಕಂಡ ಕೂಡಲೇ ಪಟ್ಟಿ ಸಡಿಲಿಸಿದರು ನಮ್ಮ ಹುಡುಗಿ. ಮುಕ್ಕಾಲು ನಿಮಿಷವೂ ಆಗಿರಲಿಲ್ಲ. ಬಯೋಕೆಮಿಸ್ಟ್ರಿಯ ಕೊಳವೆ ಮೊದಲು, ನೇರಳೆ ಕೊಳವೆ ಕೊನೆಗೆ. ಕೊಳವೆಯನ್ನು ಐದು ಸಲ ಮೆಲ್ಲಗೆ ತಲೆಕೆಳಗು ಮಾಡಿ, ಮೇಲಿನ ಚೀಟಿಯಲ್ಲಿ ಸಮಯ ಬರೆದರು: 2.40. ಅರ್ಧ ಗಂಟೆ ಸ್ಟ್ಯಾಂಡಿನಲ್ಲಿ ನಿಂತು ಹೆಪ್ಪುಗಟ್ಟಿತು, ಹತ್ತು ನಿಮಿಷ ತಿರುಗಿತು. ಮೇಲೆ ನಿಂತ ತಿಳಿ ಹೊಸ ಬೆಲ್ಲದ ನೀರಿನಂತೆ ನಿಚ್ಚಳ.

ಪೊಟ್ಯಾಸಿಯಂ 4.4. ಕ್ರಿಯಾಟಿನಿನ್ 0.8.

ಅತ್ತೆಗೆ ಹೇಳಿದಾಗ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಹನ್ನೊಂದು ದಿನ ರಾತ್ರಿ ಮಲಗುವಾಗ ಎಡಗೈ ಎದೆಯ ಮೇಲಿಟ್ಟುಕೊಂಡೇ ಮಲಗುತ್ತಿದ್ದೆ ಅಂದರು, ಬಡಿತ ಗೊತ್ತಾಗಲಿ ಅಂತ. ನನಗೆ ಏನು ಹೇಳಬೇಕೋ ತಿಳಿಯಲಿಲ್ಲ. ಒಂದು ಕೊಳವೆಯನ್ನು ಎರಡು ಗಂಟೆಯೊಳಗೆ ತಿರುಗಿಸಿದ್ದರೆ ಆ ಹನ್ನೊಂದು ರಾತ್ರಿಗಳು ಇರುತ್ತಿರಲಿಲ್ಲ.

ಬಿ.ಪಿ. ಮಾತ್ರೆಯನ್ನು ನಮ್ಮ ಫಿಜಿಷಿಯನ್ ಅವತ್ತೇ ಮತ್ತೆ ಶುರು ಮಾಡಿಸಿದರು, ಹದಿನೈದು ದಿನ ಬಿಟ್ಟು ಪೊಟ್ಯಾಸಿಯಂ ಇನ್ನೊಮ್ಮೆ ನೋಡೋಣ ಎಂದರು. ಹೊರಡುವಾಗ ಅತ್ತೆ ಕಾರಿನ ಬಾಗಿಲು ಹಿಡಿದು ನಿಂತು, ಬಾಳೆಹಣ್ಣು ತಿನ್ನಬಹುದಾ, ಎಳನೀರು ಕುಡಿಯಬಹುದಾ ಎಂದು ಒಂದೊಂದಾಗಿ ಕೇಳಿ ಖಾತ್ರಿ ಮಾಡಿಕೊಂಡರು. ಕೊನೆಗೆ, ‘ಬಸ್ಸಾರು?’

‘ಇವತ್ತೇ ಮಾಡಿ’ ಅಂದೆ.

ದಾರಿಯಲ್ಲಿ ಗಾಡಿ ನಿಲ್ಲಿಸಿ ಎರಡು ಕಟ್ಟು ದಂಟಿನ ಸೊಪ್ಪು ತಗೊಂಡರಂತೆ.